ತುಂಗೆಯ ಪಾಲಿನ ಗಿಣ್ಣು

ಕಾಳೇನಕೊಪ್ಪಲಿನಲ್ಲಿ ಬಹುತೇಕ ಎಲ್ಲರಿಗೂ ಹಸು ಇತ್ತು, ಯಾರ ಮನೆಯಲ್ಲೂ ಹಸು ಇರಲಿಲ್ಲ. ಊರಿನ ಅಷ್ಟೂ ಹಸುಗಳು ನಾಲೆಯ ಆಚೆಗಿನ ಒಂದೇ ದೊಡ್ಡ ತಗಡಿನ ಸೂರಿನ ಕೆಳಗೆ ವಾಸವಾಗಿದ್ದವು. ಕಾಗದಪತ್ರಗಳಲ್ಲಿ ಅದಕ್ಕೆ ಉದ್ದನೆಯ ಹೆಸರಿತ್ತು. ಊರಿನವರು ಹಾಸ್ಟೆಲ್ ಎನ್ನುತ್ತಿದ್ದರು. ಹಸುಗಳು ಮನೆ ಬಿಟ್ಟು ಹಾಸ್ಟೆಲ್ ಸೇರಿದ ದಿನ ಯಾರೂ ಅಳಲಿಲ್ಲ. ವರ್ಷಗಟ್ಟಲೆ ಸಗಣಿ ಬಾಚಿ ಸೊಂಟ ಹಿಡಿಸಿಕೊಂಡಿದ್ದ ಹೆಂಗಸರಂತೂ ಖಂಡಿತ ಅಳಲಿಲ್ಲ.

ಹಾಲು ಕರೆಯುವುದು ಯಂತ್ರ, ಸಗಣಿ ಎಳೆಯುವುದು ಯಂತ್ರ, ಮೇವು ಬಡಿಸುವುದೂ ಯಂತ್ರ. ಬಡಿಸುವ ಯಂತ್ರದ ವಿಷಯವನ್ನು ಸ್ವಲ್ಪ ಹೇಳಬೇಕು, ಏಕೆಂದರೆ ತಂಟೆಯೆಲ್ಲ ಶುರುವಾದದ್ದು ಅಲ್ಲಿಂದ. ಉದ್ದನೆಯ ಸಾಲಿನಲ್ಲಿ ಕಬ್ಬಿಣದ ಸಣ್ಣ ಬಾಗಿಲುಗಳು, ಒಂದೊಂದೂ ಒಂದು ಹಸುವಿನ ತಲೆ ತೂರುವಷ್ಟು ಅಗಲ. ಒಳಗೆ ಮೇವಿನ ತೊಟ್ಟಿ, ತೊಟ್ಟಿಯ ಕೆಳಗೆ ತಕ್ಕಡಿ. ಪ್ರತಿ ಹಸುವಿನ ಕೊರಳಲ್ಲಿ ಒಂದು ಪಟ್ಟಿ. ಮೇವಿನ ಹೊತ್ತಾದಾಗ ಪಟ್ಟಿ ಸಣ್ಣಗೆ ಗುಂಯ್‌ಗುಡಲು ಶುರುಮಾಡುತ್ತದೆ. ಹಸು ತನಗೆ ಗೊತ್ತುಮಾಡಿದ ಬಾಗಿಲಿನ ಹತ್ತಿರ ಹೋದಂತೆ ಸದ್ದು ಇಳಿಯುತ್ತದೆ. ಸರಿಯಾದ ಬಾಗಿಲಿನ ಎದುರು ನಿಂತಾಗ ಸದ್ದು ನಿಲ್ಲುತ್ತದೆ, ಬಾಗಿಲು ತೆರೆಯುತ್ತದೆ. ಬೇರೆ ಬಾಗಿಲಿಗೆ ಎಷ್ಟು ಮೂತಿ ತಿಕ್ಕಿದರೂ ತೆರೆಯುವುದಿಲ್ಲ. ಜೋರಿನ ಹಸು ಸಾಧು ಹಸುವಿನ ಮೇವು ಕಸಿಯುವಂತಿಲ್ಲ, ಕೊಂಬಾಡಿಸುವಂತಿಲ್ಲ. ಹಸುಗಳು ಒಂದು ವಾರದಲ್ಲಿ ಇದನ್ನು ಕಲಿತವು. ಮನುಷ್ಯರಿಗೆ ಹೆಚ್ಚು ಕಾಲ ಹಿಡಿಯಿತು.

ಯಂತ್ರ ಕೂರಿಸಿದ ಕಂಪನಿಯವರು ಮೊದಲ ಸಭೆಯಲ್ಲಿ ಕೇಳಿದ ಪ್ರಶ್ನೆ ಸರಳವಾಗಿತ್ತು: ಪ್ರತಿ ಹಸುವಿಗೂ ಒಂದು ಖಾಯಂ ಬಾಗಿಲು ಕೊಡೋಣವೇ? ಎಲ್ಲರೂ ತಲೆಯಾಡಿಸಿದರು. ಮೇವಿನ ಗಾಡಿ ಮೊದಲ ಬಾಗಿಲಿನಿಂದ ಹೊರಟು ಗೋಡೆ ಮೂಲೆಯ ಕೊನೆಯ ಬಾಗಿಲಿಗೆ ಬಂದು ನಿಲ್ಲುತ್ತದೆ ಎಂದು ಕಂಪನಿಯ ಹುಡುಗ ನಕ್ಷೆ ತೋರಿಸುತ್ತಿದ್ದಾಗ ಕೆಳಗಿನ ಕೇರಿಯ ಚಿಕ್ಕತಾಯಮ್ಮ ಎದ್ದು ನಿಂತಳು.

“ಆ ಕೊನೇ ಬಾಗ್ಲು ಯಾರ ಹಸೀಗೆ?”

“ಚೀಟಿ ಎತ್ತೋಣ ಬುಡು ಚಿಕ್ತಾಯಿ” ಎಂದರು ಯಾರೋ.

“ಚೀಟೀಲೂ ನಮ್ ಹೆಸ್ರು ಕೊನೇಲೇ ಬತ್ತದೆ. ನಂಗೊತ್ತಿಲ್ವಾ ಈ ಊರಿನ ಚೀಟಿ?”

ಜನ ನಕ್ಕರು. ಅವಳು ನಗಲಿಲ್ಲ. ಈ ಊರಿನ ಊಟದ ಪಂಕ್ತಿಗಳಲ್ಲಿ ಕೆಳಗಿನ ಕೇರಿಯವರು ಎಲ್ಲಿ ಕೂರುತ್ತಿದ್ದರು, ಯಾವಾಗ ಕೂರುತ್ತಿದ್ದರು ಎಂಬುದು ನಗುತ್ತಿದ್ದವರಿಗೂ ಗೊತ್ತಿತ್ತು. “ನಾವ್ ಕೂತಿದ್ದು ಸಾಕು. ನಮ್ ಹಸಗಳೂ ಕೊನೇ ಪಂಕ್ತೀಲಿ ಕೂರಕಿಲ್ಲ. ಯಾರಿಗೂ ಖಾಯಂ ಜಾಗ ಬ್ಯಾಡ. ಹೊತ್ತೊತ್ತಿಗೂ ಬದ್ಲಾಯ್ಸಿ. ಒಂದೊತ್ತು ಪಟೇಲ್ರ ಹಸ ಮೊದ್ಲು, ಒಂದೊತ್ತು ನಮ್ದು.”

ಇದಕ್ಕೆ ಎದುರಾಡಬೇಕಾದರೆ ಮನಸ್ಸಿನಲ್ಲಿದ್ದುದನ್ನು ಬಾಯಿಬಿಟ್ಟು ಹೇಳಬೇಕಾಗುತ್ತಿತ್ತು. ಯಾರೂ ಹೇಳಲಿಲ್ಲ. ನಿಯಮ ಪಾಸಾಯಿತು. ಖಾಯಂ ಜಾಗ ಎಂಬ ಆಯ್ಕೆಯನ್ನೇ ಯಂತ್ರದಿಂದ ತೆಗೆಸಿದರು. ಅಂದಿನಿಂದ ಹೊತ್ತೊತ್ತಿಗೂ ಪ್ರತಿ ಹಸುವಿಗೆ ಹೊಸ ಬಾಗಿಲು, ಅಕ್ಕಪಕ್ಕದಲ್ಲಿ ಹೊಸ ಹಸು. ಆ ಊರಿನಲ್ಲಿ ಅಷ್ಟು ನ್ಯಾಯವಾದ ಪಂಕ್ತಿ ಹಿಂದೆಂದೂ ಕೂತಿರಲಿಲ್ಲ.

ಆಮೇಲೆ ಕರು ಹಾಕಿದ ಹಸುಗಳು ಕಾಯಿಲೆ ಬೀಳತೊಡಗಿದವು.

*

ಹಾಸ್ಟೆಲಿನ ಪಶುವೈದ್ಯೆ ಇಂಚರ ತಾನೂ ಹಾಸ್ಟೆಲಿನಲ್ಲೇ ಬೆಳೆದವಳು, ಮನುಷ್ಯರ ಹಾಸ್ಟೆಲಿನಲ್ಲಿ. ಹುಣಸೂರಿನ ಕಡೆಯ ಹಳ್ಳಿ ಬಿಟ್ಟು ಏಳನೇ ತರಗತಿಗೆ ಒಂದು ಕಬ್ಬಿಣದ ಪೆಟ್ಟಿಗೆಯೊಂದಿಗೆ ಹಾಸ್ಟೆಲ್ ಸೇರಿದವಳು ಡಾಕ್ಟರಾಗಿ ಹೊರಬರುವವರೆಗೂ ಅದೇ ಪೆಟ್ಟಿಗೆ ಇಟ್ಟುಕೊಂಡಿದ್ದಳು. ಈಗ ಚಿಕ್ಕತಾಯಮ್ಮನ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದಳು. ಚಿಕ್ಕತಾಯಮ್ಮನ ಗಂಡ ಕಬ್ಬಿನ ಲಾರಿಯ ಡ್ರೈವರ್. ಮನೆಗಿಂತ ರಸ್ತೆಯಲ್ಲಿ ಇರುವುದೇ ಹೆಚ್ಚು.

ಕಾಯಿಲೆಗಳು ಪುಸ್ತಕದಲ್ಲಿ ಇರುವಂಥವೇ. ಕರು ಹಾಕಿದ ಮೇಲೆ ಜ್ವರ, ಗರ್ಭಕೋಶದಲ್ಲಿ ಕೀವು, ಮೇವು ಮುಟ್ಟದೆ ಕರಗುವುದು. ಇಂಚರ ಔಷಧಿ ಕೊಟ್ಟಳು, ಹೆಚ್ಚಿನವು ಎದ್ದವು. ಚಿಕ್ಕತಾಯಮ್ಮನ ಎದುರು ಮನೆಯ ದೇವೀರಮ್ಮನ ಹಸು ಏಳಲಿಲ್ಲ. ಅದನ್ನು ಟ್ರ್ಯಾಕ್ಟರಿಗೆ ಸರಪಳಿ ಹಾಕಿ ಎಳೆದುಕೊಂಡು ಹೋದ ಗೆರೆ ಹಾಸ್ಟೆಲಿನ ಮುಂದಿನ ಮಣ್ಣಿನಲ್ಲಿ ಮಳೆ ಬರುವವರೆಗೂ ಇತ್ತು. ಮೇವಿಗೆ ಏನೋ ಬೆರೆಸುತ್ತಾರೆ ಎಂದು ಕೆಲವರು, ಹಾಸ್ಟೆಲಿಗೆ ದೃಷ್ಟಿ ಬಿದ್ದಿದೆ ಎಂದು ಕೆಲವರು. ಯಾರೋ ಬಾಗಿಲಿಗೆ ಬೂದುಗುಂಬಳಕಾಯಿ ಕಟ್ಟಿದರು. ಇಂಚರ ಅದನ್ನು ಬಿಚ್ಚಿಸಲಿಲ್ಲ. ಕುಂಬಳಕಾಯಿಯಿಂದ ಹಸುವಿಗೆ ತೊಂದರೆಯೇನೂ ಇರಲಿಲ್ಲ.

ಅವಳ ತಲೆಯಲ್ಲಿದ್ದುದು ಬೇರೆ. ಕರು ಹಾಕಿದ ಮೇಲೆ ಕಾಣುವ ಕಾಯಿಲೆ ಕರು ಹಾಕುವ ಮೊದಲೇ ಶುರುವಾಗಿರುತ್ತದೆ. ಕೊನೆಯ ವಾರಗಳಲ್ಲಿ ಹೊಟ್ಟೆಯಲ್ಲಿ ಕರು ಜಾಗ ಹಿಡಿದಿರುತ್ತದೆ, ಕೆಚ್ಚಲು ಹಾಲಿಗೆ ಸಿದ್ಧವಾಗುತ್ತಿರುತ್ತದೆ. ಆಗ ಮೇವು ಸ್ವಲ್ಪ ಕಡಿಮೆಯಾಗುವುದು ಸಹಜ. ತೀರಾ ಕಡಿಮೆಯಾದರೆ ಮೈ ತನ್ನ ಕೊಬ್ಬನ್ನೇ ಕರಗಿಸಿ ಉರಿಸುತ್ತದೆ, ಯಕೃತ್ತು ಅದನ್ನು ತಾಳಲಾರದು, ರೋಗ ತಡೆಯುವ ಶಕ್ತಿ ಕುಸಿಯುತ್ತದೆ. ಕರು ಹೊರಬಂದ ದಾರಿಯಲ್ಲೇ ರೋಗಾಣು ಒಳಗೆ ಹೋಗುತ್ತದೆ. ಕಾಯಿಲೆ ಬಿದ್ದ ಹಸುಗಳೆಲ್ಲ ಕರು ಹಾಕುವ ಮೊದಲು ಮೇವು ಬಿಟ್ಟಿದ್ದವು ಎಂದು ತೊಟ್ಟಿಯ ತಕ್ಕಡಿಗಳೇ ಹೇಳಿದ್ದವು. ಏಕೆ ಬಿಟ್ಟಿದ್ದವು ಎಂದು ತಕ್ಕಡಿ ಹೇಳುವುದಿಲ್ಲ.

ಒಂದು ಬೆಳಿಗ್ಗೆ ಹಾಸ್ಟೆಲಿನ ನಿಯಂತ್ರಣ ಕೊಠಡಿಯಲ್ಲಿ, ಯಾವ ಹಸು ಎಷ್ಟು ತಿಂದಿತೆಂದು ತೋರಿಸುವ ಪರದೆಯಲ್ಲಿ ಒಂದು ಹೆಸರು ಹಳದಿಯಿಂದ ಕೆಂಪಾಯಿತು. ಬೆಳ್ಳಕ್ಕಿ. ಹಣೆಯ ಮೇಲೆ ಕೊಕ್ಕರೆ ಕೂತಂತೆ ಬಿಳಿ ಮಚ್ಚೆ ಇದ್ದ, ಚಿಕ್ಕತಾಯಮ್ಮನ ಒಂದೇ ಒಂದು ಹಸು. ಕರು ಹಾಕಲು ಹೆಚ್ಚು ದಿನ ಇರಲಿಲ್ಲ.

ಮೈಸೂರಿನಲ್ಲಿದ್ದ ಕಂಪನಿಯ ಎಂಜಿನಿಯರ್ ಫೈರೋಜ್‌ಗೆ ಅವಳು ಫೋನ್ ಮಾಡಿದಳು.

“ತಕ್ಕಡಿ ಕೆಟ್ಟಿಲ್ಲ ಡಾಕ್ಟ್ರೇ, ಈಗಷ್ಟೇ ನೋಡ್ದೆ” ಎಂದ ಅವನು. “ಮೇವು ತೊಟ್ಟೀಲಿದೆ. ನಿಮ್ಮ ಹಸು ತಿಂತಿಲ್ಲ.”

“ತೊಟ್ಟೀಲಿ ಇರೋದು ನನಗೂ ಕಾಣ್ತಿದೆ. ಹಸು ಎಲ್ಲಿದೆ?”

“ಅಂದ್ರೆ?”

“ಮೇವಿನ ಹೊತ್ತಲ್ಲಿ ತನ್ನ ಬಾಗಿಲ ಹತ್ರ ಇಲ್ಲ ಅಂದ್ಮೇಲೆ ಬೇರೆ ಎಲ್ಲೋ ಇರಬೇಕಲ್ಲ. ಸೂರಿಗೆ ಹಾಕಿರೋ ಕ್ಯಾಮೆರಾ ಹಾಕಿ.”

ಅವನು ಹಾಕಿದ. ಮೇಲಿನಿಂದ ನೋಡಿದರೆ ಹಸುಗಳು ಕೇವಲ ಬೆನ್ನುಗಳು. ಸಾಲಿಗೆ ಅಂಟಿಕೊಂಡ ಕಪ್ಪು ಬಿಳುಪು ಕಂದು ಬೆನ್ನುಗಳ ಹಿಂದೆ ಒಂದು ಕಂದು ಬೆನ್ನು, ಬೆಳ್ಳಕ್ಕಿಯದು, ಒಂದು ಹಸುವಿನ ಹಿಂದೆ ಒಂಟಿಯಾಗಿ ನಿಂತಿತ್ತು. ಬೇರೊಂದು ಹೊತ್ತಿನ ಚಿತ್ರ ಹಾಕಿದರು. ಬೆಳ್ಳಕ್ಕಿ ಬೇರೆ ಕಡೆ ನಿಂತಿದ್ದಳು, ಆದರೆ ಅದೇ ಹಸುವಿನ ಹಿಂದೆ. ಮತ್ತೊಂದು ಹೊತ್ತು. ಮತ್ತೆ ಅದೇ. ಪಟೇಲರ ಮನೆಯ ತುಂಗೆ ಯಾವ ಬಾಗಿಲಿಗೆ ಹೋದರೆ ಬೆಳ್ಳಕ್ಕಿ ಅಲ್ಲಿಗೆ ಹೋಗುತ್ತಿದ್ದಳು. ತುಂಗೆಯ ಪಕ್ಕದ ಬಾಗಿಲಿಗೆ ಮೂತಿ ತಿಕ್ಕುತ್ತಿದ್ದಳು. ಬಾಗಿಲು ತೆರೆಯುತ್ತಿರಲಿಲ್ಲ. ಆ ಬಾಗಿಲಿನ ಹಸು ಬಂದು ತಳ್ಳಿದ ಮೇಲೆ ಹಿಂದೆ ಸರಿದು ನಿಲ್ಲುತ್ತಿದ್ದಳು. ಸಾಲಿನ ಇನ್ನೊಂದು ತುದಿಯಲ್ಲಿ ಅವಳ ಮೇವು ಒಣಗುತ್ತಿತ್ತು.

“ಇವಳು ಮೇವು ಬಿಟ್ಟಿಲ್ಲ ಫೈರೋಜ್” ಎಂದಳು ಇಂಚರ. “ಗುರುತಿಲ್ಲದವರ ಪಕ್ಕ ತಿನ್ನೋದು ಬಿಟ್ಟಿದ್ದಾಳೆ.”

ಅವಳಿಗೆ ತನ್ನ ಶಾಲೆಯ ಹಾಸ್ಟೆಲಿನ ಮೆಸ್ಸು ನೆನಪಾಯಿತು. ಮೊದಲ ವಾರ ತಟ್ಟೆ ಹಿಡಿದು ಗೋಡೆಗೆ ಒರಗಿ ನಿಂತು, ಎಲ್ಲರೂ ಎದ್ದ ಮೇಲೆ ತಣ್ಣಗಾದ ಅನ್ನ ತಿನ್ನುತ್ತಿದ್ದಳು. ಯಾರೂ ಹೊಡೆದಿರಲಿಲ್ಲ, ಬೈದಿರಲಿಲ್ಲ. ಬೆಂಚಿನಲ್ಲಿ ಜಾಗವೂ ಇತ್ತು. ಪಿರಿಯಾಪಟ್ಟಣದ ನಸೀಮಾ ಎಂಬ ಹುಡುಗಿ ಒಂದು ದಿನ ಪಕ್ಕಕ್ಕೆ ಸರಿದು “ಬಾರೇ, ನಿಂತ್ಕೊಂಡು ತಿನ್ನೋಕೆ ನೀನೇನು ಕುದುರೇನಾ?” ಎಂದಿದ್ದಳು. ಅಷ್ಟೇ ಆದದ್ದು. ಆ ಮಾತು ಇಲ್ಲದಿದ್ದರೆ ಪೆಟ್ಟಿಗೆ ಹೊತ್ತು ಊರಿನ ಬಸ್ಸು ಹತ್ತುತ್ತಿದ್ದೆ ಎಂದು ಇಂಚರಳಿಗೆ ಇಂದಿಗೂ ಖಾತ್ರಿಯಿತ್ತು.

*

ಮಧ್ಯಾಹ್ನ ಚಿಕ್ಕತಾಯಮ್ಮ ಮುದ್ದೆ ಇಟ್ಟು ಹುರುಳಿ ಸಾರು ಬಿಟ್ಟಳು. ಇಂಚರ ಸುತ್ತಿಬಳಸುವವಳಲ್ಲ.

“ಅವ್ವಾ, ಬೆಳ್ಳಕ್ಕಿ ತಿಂತಿಲ್ಲ.”

“ತುಂಬಿದ್ ಬಸ್ರಿ ಕಣ್ ಮಗಾ. ಎಲ್ಲಿ ತಿಂದಾಳು? ನಮ್ ಮಂಜಿ ಹೊಟ್ಟೇಲಿದ್ದಾಗ ನಾನು ಮುದ್ದೆ ಕಂಡ್ರೆ ಎದ್ದೋಗ್ತಿದ್ದೆ.”

“ಇದು ಅದಲ್ಲ.”

ಚಿಕ್ಕತಾಯಮ್ಮನ ಕೈ ಸೌಟಿನಲ್ಲೇ ನಿಂತಿತು. “ದೇವೀರಿ ಹಸಾನೂ ಹಿಂಗೇ ಬುಟ್ಟಿತ್ತಾ, ಮೇವ?”

“ಹೌದು.”

ಹೊರಗೆ ದೇವೀರಮ್ಮ ಯಾರನ್ನೋ ಕೂಗುತ್ತಿದ್ದಳು. ಅವಳ ಜಗುಲಿಯ ಮೇಲೆ ಹಸುವಿನ ಹಳೆಯ ಗಂಟೆ ಇನ್ನೂ ನೇತಾಡುತ್ತಿತ್ತು.

“ಒಂದು ಕೇಳ್ತೀನಿ” ಎಂದಳು ಇಂಚರ. “ಪಟೇಲರ ತುಂಗೆಗೂ ನಿಮ್ಮ ಬೆಳ್ಳಕ್ಕಿಗೂ ಏನು? ಅದು ಹೋದ ಕಡೆಗೆಲ್ಲಾ ಇದು ಹೋಗ್ತದೆ.”

ಚಿಕ್ಕತಾಯಮ್ಮ ಅಷ್ಟು ಆತಂಕದಲ್ಲೂ ನಕ್ಕುಬಿಟ್ಟಳು. “ಅಯ್ಯೋ ಅವಕ್ಕಿನ್ನೂ ನೆಪ್ಪೈತಾ? ಎರಡೂ ಇದೇ ಹಿತ್ಲಲ್ಲಿ ಬೆಳ್ದವು ಕಣವ್ವಾ, ಒಂದೇ ಗೋದಲೀಲಿ. ಪಾಲಿಗೆ ಸಾಕಿದ್ದೆ.”

ಪಾಲಿಗೆ ಸಾಕುವುದೆಂದರೆ, ಹಸು ಇದ್ದವರ ಕರುಗಳನ್ನು ಹಸು ಇಲ್ಲದವರು ತಂದು ಮೇಯಿಸಿ ದೊಡ್ಡದು ಮಾಡಬೇಕು, ಬೆಳೆದ ಮೇಲೆ ಇಬ್ಬರಿಗೂ ಪಾಲು. ಪಟೇಲರ ಮನೆಯ ಎರಡು ಹೆಣ್ಣು ಕರುಗಳನ್ನು ಚಿಕ್ಕತಾಯಮ್ಮ ತಂದಿದ್ದಳು. ಬೆಳೆದ ಮೇಲೆ ತುಂಗೆ ಹಿಂದಕ್ಕೆ ಹೋಯಿತು, ಬೆಳ್ಳಕ್ಕಿ ಸಾಕಿದ ಪಾಲೆಂದು ಇಲ್ಲೇ ಉಳಿಯಿತು. ತುಂಗೆಯನ್ನು ಹೊಡೆದುಕೊಂಡು ಹೋದ ದಿನ ಬೆಳ್ಳಕ್ಕಿ ಗೂಟ ಕಿತ್ತುಕೊಂಡು ಪಟೇಲರ ಮನೆಯವರೆಗೂ ಓಡಿತ್ತಂತೆ. ಆಳುಗಳು ಹೊಡೆದು ವಾಪಸ್ ಅಟ್ಟಿದ್ದರಂತೆ.

“ಹಾಗಾದ್ರೆ ಔಷಧಿ ಸಿಕ್ತು” ಎಂದಳು ಇಂಚರ. “ಇವೆರಡನ್ನೂ ಅಕ್ಕಪಕ್ಕ ನಿಲ್ಲಿಸಿಬಿಡೋಣ. ಗೋಡೆ ಪಕ್ಕದ ಕೊನೇ ಎರಡು ಬಾಗಿಲಲ್ಲಿ. ಕರು ಹಾಕೋ ಹಸುಗೆ ಒಂದು ಕಡೆ ಗೋಡೆ ಇರಬೇಕು, ಓಡಾಟ ಇರಬಾರದು. ಅದು ಬಿಟ್ರೆ ಬೇರೆ ಜಾಗ ಇಲ್ಲ.”

ಚಿಕ್ಕತಾಯಮ್ಮನ ಮುಖದ ನಗು ಹೋಯಿತು.

“ಕೊನೇ ಬಾಗ್ಲಾ?”

“ಹೌದು.”

“ಬ್ಯಾಡ.”

“ಅವ್ವಾ, ಹಸುಗೆ ಕೊನೇದು ಮೊದಲನೇದು ಗೊತ್ತಿಲ್ಲ. ನಮಗೆ ಮಾತ್ರ ಗೊತ್ತಿರೋದು.”

“ನಂಗೊತ್ತಲ್ಲ, ಸಾಲ್ದಾ?” ಅವಳು ಸೌಟನ್ನು ಪಾತ್ರೆಗೆ ಬಿಟ್ಟಳು. “ಪಟೇಲ್ರ ಮನೆ ಮದ್ವೆ. ಇಷ್ಟುದ್ದ ಇದ್ದೆ ನಾನು. ಗೊತ್ತಾಗ್ದೆ ಮೊದಲ್ನೇ ಪಂಕ್ತೀಲಿ ಕೂತ್ಬುಟ್ಟೆ. ಎಲೆ ಹಾಕುದ್ರು, ಉಪ್ಪು ಹಾಕುದ್ರು. ಆಮೇಲೆ ಯಾರೋ ರಟ್ಟೆ ಹಿಡ್ದು, ‘ಏಳು, ಇಲ್ ಕೂರ್ಬ್ಯಾಡ, ಅತ್ಲಾಗೋಗು’ ಅಂದ್ರು. ಆ ಎಲೆ ಮೇಲಿನ್ ಉಪ್ಪು ನಂಗಿನ್ನೂ ಕಾಣ್ತದೆ. ಇಡೀ ಊರ ಮುಂದೆ ನಿಂತು ಆ ಕೊನೇ ಜಾಗಾನ ತಗ್ಸಿದೀನಿ. ಈಗ ನಾನೇ ಹೋಗಿ ನನ್ ಹಸಾನ ಅಲ್ ನಿಲ್ಸಲಾ? ಊರು ನಗ್ತದೆ.”

“ಬೆಳ್ಳಕ್ಕಿ ಸತ್ರೆ ನಗಲ್ವಾ?”

ಇದನ್ನು ಸ್ವಲ್ಪ ಮೆತ್ತಗೆ ಕೇಳಬಹುದಿತ್ತು. ಚಿಕ್ಕತಾಯಮ್ಮ ಎದ್ದು ಹಿತ್ತಿಲಿಗೆ ಹೋದಳು. ಇಂಚರ ಒಬ್ಬಳೇ ಕೂತು ಮುದ್ದೆ ಮುಗಿಸಿದಳು.

*

ಸಂಜೆಯ ಮೇವಿನ ಹೊತ್ತಿಗೆ ಇಂಚರ ಪಟೇಲರ ಮನೆಯ ಇಂದ್ರಾಣಮ್ಮನನ್ನು ನಿಯಂತ್ರಣ ಕೊಠಡಿಗೆ ಕರೆಸಿದಳು. ತುಂಗೆಯ ಯಜಮಾನಿ ಅವಳೇ. ದಪ್ಪ ಕನ್ನಡಕ, ಮಂಡಿನೋವು, ಊರಿಗೆಲ್ಲ ಕೇಳುವ ಗಂಟಲು. ಬಂದವಳೇ ಎ.ಸಿ.ಯ ಕೆಳಗಿನ ಕುರ್ಚಿ ಹಿಡಿದಳು.

“ಹಸೀಗೆ ಹುಷಾರಿಲ್ಲ ಅಂದ್ರೆ ಡಾಕ್ಟ್ರು ಕೊಟ್ಟಿಗೇಲಿರಬೇಕು. ನೀನು ಟೀವಿ ಮುಂದೆ ಕೂತಿದೀಯಲ್ಲಮ್ಮಾ.”

“ಟೀವೀಲಿ ನಿಮ್ಮ ತುಂಗೇನೇ ಬರ್ತಾಳೆ, ನೋಡಿ.”

ಬಾಗಿಲ ಹತ್ತಿರ ಸದ್ದಾಯಿತು. ಚಿಕ್ಕತಾಯಮ್ಮ ನಿಂತಿದ್ದಳು. ಕರೆದಿರಲಿಲ್ಲ, ಬಂದಿದ್ದಳು. ಒಳಗೆ ಇನ್ನೊಂದು ಕುರ್ಚಿ ಇದ್ದರೂ ಕೂರಲಿಲ್ಲ. ಇಂದ್ರಾಣಮ್ಮ ಕೂರು ಎನ್ನಲೂ ಇಲ್ಲ.

ಇಂಚರ ಪರದೆಯಲ್ಲಿ ತುಂಗೆಯ ಹಾಲಿನ ಲೆಕ್ಕದ ಗೆರೆ ತೋರಿಸಿದಳು. ಕೆಲವು ದಿನಗಳಿಂದ ಇಳಿದಿತ್ತು. ಆಮೇಲೆ ಚಿತ್ರ ಹಾಕಿದಳು. ತುಂಗೆ ಬಾಗಿಲಿನಲ್ಲಿ ತಲೆಯಿಟ್ಟು ಎರಡು ಬಾಯಿ ತಿನ್ನುವುದು, ತಲೆ ಹೊರಗೆಳೆದು ಹಿಂದೆ ನಿಂತ ಬೆಳ್ಳಕ್ಕಿಯ ಕಡೆ ತಿರುಗುವುದು, ಮತ್ತೆ ಎರಡು ಬಾಯಿ.

“ಅದ್ಯಾಕಂಗಾಡ್ತದೆ?” ಎಂದಳು ಇಂದ್ರಾಣಮ್ಮ, ನಿಜವಾಗಿಯೂ ಅರ್ಥವಾಗದೆ.

“ಜೊತೆಗೆ ತಿಂದು ಬೆಳೆದವು. ಬಿಟ್ಟು ತಿನ್ನೋಕೆ ಆಗ್ತಿಲ್ಲ.” ಇಂಚರ ಪರದೆಯ ಧ್ವನಿ ಜೋರು ಮಾಡಿದಳು. ಇಡೀ ಕೊಠಡಿಯಲ್ಲಿ ಗುಂಯ್‌ ಎಂಬ ಸದ್ದು ತುಂಬಿತು.

“ಇದೇನಿದು ಜೇನುನೊಣ?” ಎಂದಳು ಇಂದ್ರಾಣಮ್ಮ.

“ಬೆಳ್ಳಕ್ಕಿಯ ಕೊರಳಪಟ್ಟಿ.”

ಚಿಕ್ಕತಾಯಮ್ಮ ಪರದೆಯ ಹತ್ತಿರ ಬಂದಳು. “ಇದು ಎಷ್ಟೊತ್ತು ಹಿಂಗೇ ಗುಂಯ್ ಅಂತದೆ?”

“ಗೊತ್ತುಮಾಡಿದ ಬಾಗಿಲಿಗೆ ಹೋಗೋವರೆಗೂ.”

“ಹೋಗ್ದೆ ಇದ್ರೆ?”

“ಮೇವಿನ ಹೊತ್ತು ಮುಗಿಯೋವರೆಗೂ.”

ಪರದೆಯಲ್ಲಿ ಬೆಳ್ಳಕ್ಕಿ ಕಿವಿ ಕೊಡವುತ್ತಿದ್ದಳು. ತುಂಬಿದ ಹೊಟ್ಟೆ ಎತ್ತಿಕೊಂಡು ಒಂದು ಹೆಜ್ಜೆ ಆಚೆ ಹೋಗುವಳು, ಸದ್ದು ಸ್ವಲ್ಪ ಇಳಿಯುವುದು. ತಿರುಗಿ ತುಂಗೆಯ ಕಡೆ ಬರುವಳು, ಸದ್ದು ಏರುವುದು.

“ಏಳು, ಇಲ್ ಕೂರ್ಬ್ಯಾಡ, ಅತ್ಲಾಗೋಗು” ಎಂದಳು ಚಿಕ್ಕತಾಯಮ್ಮ, ಯಾರಿಗೂ ಅಲ್ಲದಂತೆ. ಆಮೇಲೆ ಇಂಚರಳ ಕಡೆ ತಿರುಗಿದಳು. “ಹೊತ್ತೊತ್ತಿಗೂ ಅದ್ರ ಕಿವೀಲಿ ಇದನ್ನೇ ಯೋಳ್ತಿದೀವಾ ನಾವು? ನಾನೇ ಮಾಡಿದ್ ರೂಲ್ಸಾ ಇದು?”

ಹೌದು ಎನ್ನುವುದು ಪೂರ್ತಿ ನಿಜವಾಗುತ್ತಿರಲಿಲ್ಲ. ಆ ನಿಯಮ ಮನುಷ್ಯರಿಗೆ ಸರಿಯಾಗಿತ್ತು, ಬಹಳ ಹಿಂದೆಯೇ ಬರಬೇಕಿತ್ತು. ಅದನ್ನು ಹಸುಗಳ ಕೊರಳಿಗೆ ಕಟ್ಟಿದ್ದಷ್ಟೇ ತಪ್ಪು.

“ಆಫ್ ಮಾಡು ಆ ಸದ್ದ” ಎಂದಳು ಚಿಕ್ಕತಾಯಮ್ಮ. “ಕೊನೇಲೇ ನಿಲ್ಸು. ಊರು ನಕ್ಕೊಳ್ಳಿ.”

“ಒಬ್ಬಳನ್ನೇ ನಿಲ್ಲಿಸಿದ್ರೆ ಆಗಲ್ಲ. ತುಂಗೇನೂ ನಿಲ್ಲಬೇಕು.”

ಈಗ ಇಂದ್ರಾಣಮ್ಮನ ಸರದಿ. ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. “ನಮ್ ತುಂಗೆ ಹೋಗಿ ಆ ಮೂಲೇಲಿ ನಿಂತ್ರೆ ಜನ ಏನಂದಾರು?”

“ನಾವು ನಿಂತಿದ್ವಲ್ಲ ಅಮ್ಮೋರೇ” ಎಂದಳು ಚಿಕ್ಕತಾಯಮ್ಮ. “ಜನ ಏನಂದ್ರು?”

ಎ.ಸಿ.ಯ ಸದ್ದು, ಪಟ್ಟಿಯ ಸದ್ದು. ಇಂದ್ರಾಣಮ್ಮ ಕನ್ನಡಕವನ್ನು ಒರೆಸುತ್ತಲೇ ಇದ್ದಳು. ಅವಳ ಮನಸ್ಸು ಕರಗಿತು ಎಂದು ಇಲ್ಲಿ ಬರೆದರೆ ಸುಳ್ಳಾಗುತ್ತದೆ. ಅವಳು ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದ್ದು ಹಾಲು ಇಳಿದ ಗೆರೆಯನ್ನು. ಆದರೂ ಅದಾದ ಮೇಲೆ ತುಂಗೆ ಹಿಂದಕ್ಕೆ ತಿರುಗುವುದನ್ನೂ ಒಂದು ಸಲ ನೋಡಿದಳು.

“ನಿಲ್ಸಿ ಅತ್ಲಾಗೆ” ಎಂದಳು. “ಯಾರಾದ್ರೂ ಕೇಳುದ್ರೆ ಡಾಕ್ಟ್ರು ಯೋಳುದ್ರು ಅಂತೀನಿ.”

ಫೈರೋಜ್ ಫೋನಿನಲ್ಲಿ ಗೊಣಗಿದ. “ಎರಡು ಪಟ್ಟಿ ಸದ್ದು ನಿಲ್ಲಿಸಬಹುದು ಡಾಕ್ಟ್ರೇ. ಆದ್ರೆ ಖಾಯಂ ಬಾಗಿಲು ಅನ್ನೋ ಆಯ್ಕೆನೇ ಇಲ್ಲ, ನಿಮ್ಮೂರೋರೇ ತೆಗೆಸಿದ್ದು. ಹೊಸದಾಗಿ ಬರೀಬೇಕು, ಪರೀಕ್ಷೆ ಮಾಡ್ಬೇಕು. ಟೈಮ್ ಬೇಕು.”

“ಬೆಳ್ಳಕ್ಕಿ ಹತ್ರ ಟೈಮ್ ಇಲ್ಲ. ನಮ್ಮ ಹತ್ರ ಹಗ್ಗ ಇದೆ.”

ಕೊನೆಯ ಎರಡು ಬಾಗಿಲುಗಳನ್ನು ತೆರೆದಿಟ್ಟು ಚಿಕ್ಕತಾಯಮ್ಮನೇ ಹಗ್ಗದಿಂದ ಬಿಗಿದಳು. ಗಂಟು ಹಾಕುವಾಗ ಅವಳ ಕೈ ಬಿಗಿಯಾಗಿತ್ತು, ಬಾಯಿ ಅದಕ್ಕಿಂತ ಬಿಗಿಯಾಗಿತ್ತು.

*

ಮೊದಲ ಹೊತ್ತು ಬೆಳ್ಳಕ್ಕಿ ತುಂಗೆಯ ಕತ್ತು ನೆಕ್ಕಿದಳೇ ಹೊರತು ಮೇವಿಗೆ ಬಾಯಿ ಹಾಕಲಿಲ್ಲ. ಚಿಕ್ಕತಾಯಮ್ಮ ಕಟಕಟೆಯ ಆಚೆ ನಿಂತು ಬೈದಳು: “ತಿನ್ನೇ ಮುಂಡೇದೇ, ಮಾನ ಮರ್ಯಾದೆ ಎಲ್ಲಾ ಬುಟ್ಟು ನಿಲ್ಸಿದೀನಿ.” ಮಾರನೆಯ ಬೆಳಿಗ್ಗೆ ತುಂಗೆ ತನ್ನ ತೊಟ್ಟಿ ಬಿಟ್ಟು, ತನ್ನ ಬಾಗಿಲಿನಿಂದಲೇ ಕತ್ತು ಓರೆಯಾಗಿ ಚಾಚಿ ಬೆಳ್ಳಕ್ಕಿಯ ತೊಟ್ಟಿಗೆ ತಲೆ ಹಾಕಿದಳು. ಆಗ ಬೆಳ್ಳಕ್ಕಿಯೂ ಹಾಕಿದಳು. ಒಬ್ಬರ ಪಾಲು ಒಬ್ಬರು ಕಸಿಯದಂತೆ ಕಂಪನಿ ಅಷ್ಟೆಲ್ಲ ಖರ್ಚು ಮಾಡಿ ಕಟ್ಟಿದ ಏರ್ಪಾಟಿನಲ್ಲಿ ಎರಡು ತಲೆಗಳು ಒಂದೇ ತೊಟ್ಟಿಯಲ್ಲಿ ಕರಕರ ಅಗಿಯುತ್ತಿದ್ದವು. ತಕ್ಕಡಿಗೆ ಗೊಂದಲವಾಯಿತು. ಇಂಚರ ಅದನ್ನು ಗೊಂದಲದಲ್ಲೇ ಬಿಟ್ಟಳು. ಬೆಳ್ಳಕ್ಕಿಯ ಹೆಸರು ಪರದೆಯಲ್ಲಿ ಇನ್ನೂ ಕೆಂಪಾಗಿಯೇ ಇತ್ತು, ಏಕೆಂದರೆ ಯಂತ್ರಕ್ಕೆ ಹಗ್ಗದ ವಿಷಯ ಗೊತ್ತಿರಲಿಲ್ಲ. ಇಂಚರ ತೊಟ್ಟಿಯ ಪಕ್ಕ ನಿಂತು ಕಣ್ಣಿಂದಲೇ ಅಂದಾಜು ಮಾಡಿದಳು. ತಳ ಕಾಣುತ್ತಿತ್ತು.

ಊರು ನಕ್ಕಿತೇ? ಸ್ವಲ್ಪ ನಕ್ಕಿತು. “ಕೊನೇ ಪಂಕ್ತಿ ಬ್ಯಾಡ ಅಂದೋಳೇ ಹೋಗಿ ಕೊನೇಲಿ ಕಟ್ಟವ್ಳೆ” ಎಂದು ಹಾಲಿನ ಡೇರಿಯ ಮುಂದೆ ಮಾತಾಯಿತು. “ಪಟೇಲ್ರ ಹಸಾನೂ ಜೊತೇಲೈತೆ, ಅದ್ಕೂ ನಗ್ರಿ” ಎಂದು ಚಿಕ್ಕತಾಯಮ್ಮ ಅಲ್ಲೇ ನಿಂತು ಹೇಳಿದ ಮೇಲೆ ನಗು ಯಾಕೋ ಮುಂದುವರಿಯಲಿಲ್ಲ.

ಬೆಳ್ಳಕ್ಕಿ ಒಂದು ಮಧ್ಯಾಹ್ನ, ಹಾಸ್ಟೆಲಿನಲ್ಲಿ ಹಸುಗಳೆಲ್ಲ ಮಲಗಿ ಮೆಲುಕು ಹಾಕುವ ಹೊತ್ತಿನಲ್ಲಿ, ಗೋಡೆಯ ಮೂಲೆಯಲ್ಲಿ ಕರು ಹಾಕಿದಳು. ಇಂಚರ ಕೈಗವಸು ತೊಟ್ಟು ಕಾಯುತ್ತಿದ್ದಳು, ಕೈ ಹಾಕುವ ಪ್ರಮೇಯವೇ ಬರಲಿಲ್ಲ. ಗಂಡು ಕರು. ಡೇರಿ ಊರಿನಲ್ಲಿ ಗಂಡು ಕರುವನ್ನು ಯಾರೂ ಕೊಂಡಾಡುವುದಿಲ್ಲ.

“ಗಂಡೋ ಹೆಣ್ಣೋ, ತಾಯಿ ನಿಂತವ್ಳಲ್ಲ” ಎಂದಳು ಚಿಕ್ಕತಾಯಮ್ಮ.

“ಇನ್ನೂ ನಿಂತಿಲ್ಲ” ಎಂದಳು ಇಂಚರ. “ಕಸ ಬೀಳಲಿ. ಜ್ವರ ಬಾರದೆ ಇರಲಿ. ದೇವೀರಮ್ಮನ ಹಸು ಕೂಡ ಕರು ಹಾಕಿದ ದಿನ ಚೆನ್ನಾಗೇ ಇತ್ತು.”

ಕತ್ತಲಾಗುವ ಮುಂಚೆ ಕಸ, ಅಂದರೆ ಕರುವಿನ ಹಿಂದೆ ಬೀಳುವ ಮಾಸುಚೀಲ, ಪೂರ್ತಿಯಾಗಿ ಬಿತ್ತು. ಆಮೇಲಿನ ದಿನಗಳೇ ಕಷ್ಟದವು. ಇಂಚರ ಬೆಳಿಗ್ಗೆ ಸಂಜೆ ಜ್ವರ ನೋಡುವಳು. ಚಿಕ್ಕತಾಯಮ್ಮ ಅವಳ ಮುಖ ನೋಡುವಳು. ಥರ್ಮಾಮೀಟರ್ ಓದುವಾಗ ಹುಬ್ಬು ಗಂಟಿಕ್ಕುವ ಅಭ್ಯಾಸ ಇಂಚರಳಿಗಿತ್ತು. “ಹಂಗ್ ಮುಖ ಮಾಡ್ಬ್ಯಾಡ ಮಗಾ, ಜೀವ ಹೋಯ್ತದೆ” ಎಂದು ಬೈಸಿಕೊಂಡು ಅದನ್ನು ಬಿಟ್ಟಳು. ಜ್ವರ ಬರಲಿಲ್ಲ. ತುಂಗೆ ಪಕ್ಕದಲ್ಲೇ ಇದ್ದಳು. ಬೆಳ್ಳಕ್ಕಿ ಏಳದಿದ್ದರೆ ತುಂಗೆ ತಿನ್ನುತ್ತಿರಲಿಲ್ಲ, ತುಂಗೆ ನಿಂತು ಕಾಯುವುದನ್ನು ಕಂಡರೆ ಬೆಳ್ಳಕ್ಕಿ ಎದ್ದು ಬರುತ್ತಿದ್ದಳು. ಔಷಧಿಯ ಕಪಾಟಿನಲ್ಲಿ ಅಂಥದ್ದು ಯಾವುದೂ ಇರಲಿಲ್ಲ.

ಅಪಾಯ ಕಳೆಯಿತು ಎಂದು ಇಂಚರ ಹೇಳಿದ ಬೆಳಿಗ್ಗೆ ಚಿಕ್ಕತಾಯಮ್ಮ ಕೈ ಮುಗಿಯಲು ಬಂದಳು. ಇಂಚರ ಆ ಕೈಗಳನ್ನು ಹಿಡಿದು ಇಳಿಸಿದಳು. “ನನಗಲ್ಲ ಅವ್ವಾ. ನಾನು ಟೀವಿ ನೋಡಿದೆ ಅಷ್ಟೇ.”

“ಹಂಗಾದ್ರೆ ಯಾರಿಗೆ ಮುಗೀಲಿ?”

ಇಂಚರ ಮೂಲೆಯ ಕಡೆ ನೋಡಿದಳು. ತುಂಗೆ ಬಾಲದಿಂದ ನೊಣ ಓಡಿಸುತ್ತಾ ನಿಂತಿದ್ದಳು.

ಅಂದು ಊಟದ ಹೊತ್ತಿನಲ್ಲಿ ಇಂಚರ ಬಹಳ ವರ್ಷಗಳಿಂದ ಫೋನ್ ಮಾಡದಿದ್ದ ಒಂದು ನಂಬರಿಗೆ ‘ಊಟ ಆಯ್ತಾ ನಸೀಮಾ?’ ಎಂದು ಮೆಸೇಜು ಕಳಿಸಿದಳು. ಉತ್ತರ ಕೂಡಲೇ ಬಂತು: ‘ಯಾರಿದು? ಕುದುರೇನಾ?’

*

ಗಿಣ್ಣಿನ ಹಾಲು ಮೊದಲು ಕರುವಿಗೆ. ಕರು ಕುಡಿದು ಮಿಕ್ಕಿದ್ದನ್ನು ಚಿಕ್ಕತಾಯಮ್ಮ ಕರು ಹಾಕಿದ ದಿನವೇ ಕರೆದು ಇಂಚರಳ ಔಷಧಿ ಫ್ರಿಜ್ಜಿನಲ್ಲಿ ತಣ್ಣಗೆ ಇಡಿಸಿದ್ದಳು. “ತಾಯಿ ಉಳುದ್ರೆ ಮಾಡ್ತೀನಿ, ಇಲ್ದಿದ್ರೆ ಚೆಲ್ತೀನಿ” ಎಂದಿದ್ದಳು. ಈಗ ಬೆಲ್ಲ ಹಾಕಿ, ಏಲಕ್ಕಿ ಕುಟ್ಟಿ ಹಾಕಿ, ಹಬೆಯಲ್ಲಿ ಬೇಯಿಸಿದಳು. ಸ್ಟೀಲ್ ಡಬ್ಬಿಯಲ್ಲಿ ತುಂಡು ಮಾಡಿಕೊಂಡು ಕೆಳಗಿನ ಕೇರಿಗೆಲ್ಲ ಹಂಚಿದಳು. ದೇವೀರಮ್ಮನಿಗೆ ಎರಡು ತುಂಡು ಹೆಚ್ಚು. ಡಬ್ಬಿಯ ತಳದಲ್ಲಿ ಒಂದು ಪಾಲು ಉಳಿಸಿಕೊಂಡು ಹಾಸ್ಟೆಲಿಗೆ ಬಂದಳು.

ಇಲ್ಲಿ ಒಂದು ವಿಷಯ. ಕೆಳಗಿನ ಕೇರಿಯ ಹಾಲು ಡೇರಿಯ ಕ್ಯಾನಿನಲ್ಲಿ ಊರಿನ ಹಾಲಿನೊಂದಿಗೆ ಬೆರೆತರೆ ಯಾರಿಗೂ ತಕರಾರಿಲ್ಲ. ಪಟೇಲರ ಮನೆಯ ಕಾಫಿಗೆ ಅದೇ ಹಾಲು. ಆದರೆ ಅದೇ ಹಾಲು ಕೆಳಗಿನ ಕೇರಿಯ ಒಲೆಯ ಮೇಲೆ ಗಿಣ್ಣಾದರೆ ಅದು ಮೇಲಿನ ಕೇರಿಗೆ ಹೋಗುವುದಿಲ್ಲ. ಹೋಗಬಾರದು ಎಂದು ಈಗ ಯಾರೂ ಹೇಳುವುದಿಲ್ಲ. ಯಾರೂ ಕೊಡುವುದಿಲ್ಲ, ಯಾರೂ ಕೇಳುವುದಿಲ್ಲ.

ನಿಯಂತ್ರಣ ಕೊಠಡಿಯಲ್ಲಿ ಇಂಚರ ಫೈರೋಜ್ ಕಳಿಸಿದ ಹೊಸ ಏರ್ಪಾಟನ್ನು ಪರೀಕ್ಷಿಸುತ್ತಿದ್ದಳು. ಬಸುರಿ ಹಸುಗಳು ಕರು ಹಾಕುವ ಮೊದಲೂ ಆಮೇಲೂ ಯಾರ ಪಕ್ಕ ನಿಲ್ಲಲು ಹೋಗುತ್ತವೆಂದು ಯಂತ್ರವೇ ನೋಡಿ, ಆ ಜೊತೆಗೆ ಬಾಗಿಲು ತೆರೆಯುತ್ತದೆ. ಅವಕ್ಕೆ ಸದ್ದಿಲ್ಲ. ಮಿಕ್ಕ ಹಸುಗಳಿಗೆ ಸರದಿ ಹಳೆಯಂತೆಯೇ. ಇದನ್ನು ಒಪ್ಪಿದ ಊರಿನ ಸಭೆಯಲ್ಲಿ ಚಿಕ್ಕತಾಯಮ್ಮ ಹಾಕಿದ ಷರತ್ತು ಒಂದೇ: ಜೊತೆಯನ್ನು ಹಸು ಆರಿಸಬೇಕು, ಮಾಲೀಕರು ಆರಿಸಬಾರದು. ಫೈರೋಜ್ ಅದಕ್ಕೆ ‘ಜೊತೆ’ ಎಂದೇ ಹೆಸರಿಟ್ಟಿದ್ದ.

ಪರದೆಯಲ್ಲಿ ಕೊನೆಯ ಬಾಗಿಲಿನ ಹತ್ತಿರ ಇಬ್ಬರು ಕಂಡರು. ಇಂದ್ರಾಣಮ್ಮ ತುಂಗೆಯನ್ನು ನೋಡಲು ಬಂದಿದ್ದಳು. ಮಂಡಿನೋವೆಂದು ಮೇವಿನ ಕಟ್ಟೆಯ ಮೇಲೆ ಕೂತಿದ್ದಳು. ಚಿಕ್ಕತಾಯಮ್ಮ ಎದುರು ನಿಂತಿದ್ದಳು, ಡಬ್ಬಿ ಹಿಡಿದು. ಇಂಚರ ಕ್ಯಾಮೆರಾದ ಧ್ವನಿ ಹಾಕಿದಳು. ಕದ್ದು ಕೇಳುವುದು ಸರಿಯಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಹಾಕಿದಳು.

“...ನಿಮ್ ತುಂಗೆ ನನ್ ಹಸಾನ ಉಳುಸ್ತು ಅಮ್ಮೋರೇ. ಏನಾರ ಕೊಡಾನ ಅಂದ್ರೆ ಅದ್ಕೆ ಗಿಣ್ಣ ತಿನ್ನಕಾಗಾಕಿಲ್ಲ.”

ಇಂದ್ರಾಣಮ್ಮ ಡಬ್ಬಿಯ ಕಡೆ ನೋಡಿದಳು, ತುಂಗೆಯ ಕಡೆ ನೋಡಿದಳು. ಆಚೀಚೆ ಯಾರಾದರೂ ಇದ್ದಾರೆಯೇ ಎಂದೂ ನೋಡಿದಳು. ಹಸುಗಳಿದ್ದವು.

“ಇದು ತುಂಗೆ ಪಾಲು” ಎಂದಳು ಚಿಕ್ಕತಾಯಮ್ಮ. “ಪಾಲು ಅಂದ್ಮೇಲೆ ಕೊಡ್ಬೇಕು. ಇಸ್ಕೊಳೋರು ಇಸ್ಕೊಬೇಕು.”

ತುಂಗೆ ಅಗಿಯುವ ಸದ್ದು ಮಾತ್ರ. ಇಂಚರ ಕುರ್ಚಿಯ ತುದಿಗೆ ಬಂದಿದ್ದಳು.

ಇಂದ್ರಾಣಮ್ಮ ಸೀರೆಯ ನೆರಿಗೆ ಸರಿಮಾಡಿಕೊಂಡು ಕಟ್ಟೆಯ ಮೇಲೆ ಒಂದಿಷ್ಟು ಪಕ್ಕಕ್ಕೆ ಸರಿದಳು.

“ನಿಂತ್ಕೊಂಡೇ ಕೊಡ್ತೀಯೇನು? ಕೂತ್ಕೊ. ನನ್ ಕತ್ತು ನೋಯ್ತದೆ ಮೇಲೆ ನೋಡಿ ನೋಡಿ.”

ಚಿಕ್ಕತಾಯಮ್ಮ ಕೂತಳು. ಡಬ್ಬಿ ಇಬ್ಬರ ನಡುವೆ. ಇಂದ್ರಾಣಮ್ಮ ಒಂದು ತುಂಡು ತೆಗೆದು ಬಾಯಿಗಿಟ್ಟುಕೊಂಡಳು, ನಿಧಾನ ತಿಂದಳು.

“ಏಲಕ್ಕಿ ವಸಿ ಜಾಸ್ತಿ ಆಯ್ತು.”

“ತುಂಗೆ ಕರು ಹಾಕ್ದಾಗ ನೀವ್ ಮಾಡಿ, ನೋಡಾನ.”

“ಮಾಡ್ತೀನಿ. ಬೆಳ್ಳಕ್ಕಿ ಪಾಲು ಕೊಡ್ಬೇಕಲ್ಲ.” ಅವಳು ಇನ್ನೊಂದು ತುಂಡಿಗೆ ಕೈ ಹಾಕಿದಳು. “ನೀನೂ ತಗೊ. ಒಬ್ಳೇ ತಿನ್ನಕಾಯ್ತದಾ?”

ಕೊಪ್ಪಲು ಅಂದಿಗೇ ಬದಲಾಗಲಿಲ್ಲ. ಆ ಗಿಣ್ಣಿನ ವಿಷಯವನ್ನು ಇಂದ್ರಾಣಮ್ಮ ಮನೆಯಲ್ಲಿ ಹೇಳಿದಳೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಆದರೆ ಸೂರಿನ ಕ್ಯಾಮೆರಾ ನೋಡಿತ್ತು. ಹೊಸ ಏರ್ಪಾಟು ತನ್ನ ಕೆಲಸ ತಾನು ಮಾಡಿ, ಇಂಚರಳ ಪರದೆಯ ಮೂಲೆಯಲ್ಲಿ ಒಂದು ಸೂಚನೆ ಹಾಕಿತು: ‘ಕೊನೆಯ ಬಾಗಿಲು. ಪಟ್ಟಿ ಇಲ್ಲದ ಎರಡು ಜೀವಿಗಳು. ಅಕ್ಕಪಕ್ಕ ತಿನ್ನುತ್ತಿವೆ. ತಪ್ಪು ದಾಖಲೆ ಇರಬಹುದು. ಅಳಿಸಬೇಕೇ?’

ಇಂಚರ ‘ಬೇಡ’ ಒತ್ತಿದಳು.